ಕಳೆ ಯಂತ್ರದ ಕಂಪ್ರೆಷನ್: 65 ತೋರಿಸಿದರೆ ಬ್ಲಾಕ್ ಬದಲಿಸಬೇಕೆ?

ಪ್ರಶ್ನೆ: ಸಾಗರದ ಹತ್ತಿರ ನಮ್ಮದು ಎರಡು ಎಕರೆ ಅಡಿಕೆ ತೋಟ. ನಾಲ್ಕು ವರ್ಷದ ಹಿಂದೆ ಕೊಂಡ 43 ಸಿಸಿ ಟೂ ಸ್ಟ್ರೋಕ್ ಕಳೆ ಕತ್ತರಿಸುವ ಯಂತ್ರವಿದೆ. ಬೆಳಿಗ್ಗೆ ನಾಲ್ಕೈದು ಸಲ ಹಗ್ಗ ಎಳೆದರೆ ಸ್ಟಾರ್ಟ್ ಆಗುತ್ತದೆ, ಹುಲ್ಲನ್ನೂ ಚೆನ್ನಾಗಿಯೇ ಕತ್ತರಿಸುತ್ತದೆ. ಒಂದು ಟ್ಯಾಂಕ್ ಮುಗಿದು ಪೆಟ್ರೋಲ್ ತುಂಬಿಸಿ ಮತ್ತೆ ಎಳೆದರೆ ಮಾತ್ರ ಏನು ಮಾಡಿದರೂ ಹೊತ್ತಿಕೊಳ್ಳುವುದಿಲ್ಲ. ಅರ್ಧ ಗಂಟೆ ಬಿಟ್ಟರೆ ಸರಿಯಾಗುತ್ತದೆ. ಮೆಕ್ಯಾನಿಕ್ ಪ್ಲಗ್ ಬಿಚ್ಚಿ, ರಂಧ್ರಕ್ಕೆ ಹೆಬ್ಬೆರಳು ಒತ್ತಿ ಹಗ್ಗ ಎಳೆದು, 'ದಮ್ಮಿಲ್ಲ, ಬ್ಲಾಕ್-ಪಿಸ್ಟನ್ ಹೊಸದು ಹಾಕಬೇಕು' ಎಂದರು. ನಾನು ಬೈಕ್ ಗ್ಯಾರೇಜಿನಿಂದ ಕಂಪ್ರೆಷನ್ ಗೇಜ್ (ಪಿಸ್ಟನ್ ಗಾಳಿಯನ್ನು ಹಿಂಡುವ ಒತ್ತಡ ಅಳೆಯುವ ಮೀಟರ್) ತಂದು ನೋಡಿದೆ. 65 ಪಿಎಸ್‌ಐ ತೋರಿಸಿತು. ನೂರಕ್ಕಿಂತ ಹೆಚ್ಚಿರಬೇಕು ಎಂದು ಕೇಳಿದ್ದೇನೆ. ಬ್ಲಾಕ್ ಬದಲಿಸಲೇ? ಸರಿಯಾಗಿ ಅಳೆಯುವ ಕ್ರಮ ಯಾವುದು? ಗೇಜ್ ಒಂದನ್ನು ಕೊಂಡಿಟ್ಟುಕೊಳ್ಳುವುದು ಒಳ್ಳೆಯದೇ?

ಉತ್ತರ: ಆ 65ನ್ನು ನಂಬಿ ಬ್ಲಾಕ್ ಬದಲಿಸಬೇಡಿ. ಕೊನೆಗೆ ಬದಲಿಸಬೇಕಾಗಿಯೇ ಬರಬಹುದು, ಆದರೆ ಆ ತೀರ್ಪು ಕೊಡುವ ಯೋಗ್ಯತೆ ನೀವು ತಂದ ಗೇಜಿಗೆ ಇಲ್ಲ. ಗೇಜ್ ಕೆಟ್ಟಿದೆ ಎಂದಲ್ಲ. ಬೈಕಿಗೆ ಅದು ಸಾಕು, ನಿಮ್ಮ ಯಂತ್ರಕ್ಕೆ ಸಾಲದು. ಯಾಕೆ ಎಂಬುದಕ್ಕೆ ಸ್ವಲ್ಪ ಲೆಕ್ಕ ಬೇಕು. ಬೇಸರಪಡದೆ ಓದಿ, ಇಡೀ ಗೊಂದಲ ಇಲ್ಲಿಯೇ ಇದೆ.

ನಿಮ್ಮ ಎಂಜಿನ್ನಿನ ತಗಡಿನ ಮೇಲೆ '1ಇ40ಎಫ್' ಎಂಬಂಥ ಬರಹ ಇದೆಯೇ ನೋಡಿ. ಇದು ಚೀನಾದ ಎಂಜಿನ್ ತಯಾರಕರು ಹೆಸರಿಡುವ ಪದ್ಧತಿ: ಒಂದು ಸಿಲಿಂಡರ್, ಟೂ ಸ್ಟ್ರೋಕ್, 40 ಮಿ.ಮೀ. ಬೋರ್, ಗಾಳಿಯಿಂದ ತಂಪಾಗುವುದು. ನಮ್ಮ ಪೇಟೆಗಳಲ್ಲಿ ಬೇರೆ ಬೇರೆ ಬಣ್ಣ, ಬೇರೆ ಬೇರೆ ಹೆಸರು ಹೊತ್ತು ಮಾರಾಟವಾಗುವ 43 ಸಿಸಿ ಯಂತ್ರಗಳಲ್ಲಿ ಬಹಳಷ್ಟರ ಹೊಟ್ಟೆಯಲ್ಲಿರುವುದು ಇದೇ ಎಂಜಿನ್. ಬೋರ್ (ಸಿಲಿಂಡರಿನ ಒಳವ್ಯಾಸ) 40, ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) 34 ಮಿ.ಮೀ.; ಲೆಕ್ಕ ಹಾಕಿದರೆ 42.7 ಸಿಸಿ. ಪಿಸ್ಟನ್ ತುತ್ತತುದಿಗೆ ಬಂದಾಗ ಮೇಲೆ ಉಳಿಯುವ ಜಾಗ, ಸಂಪೀಡನ (ಕಂಪ್ರೆಷನ್) ಅನುಪಾತ ಒಂಬತ್ತಕ್ಕೆ ಒಂದು ಎಂದು ಹಿಡಿದರೆ, ಬರೀ 5.3 ಸಿಸಿ. ಒಂದು ಚಹಾ ಚಮಚ ತುಂಬಿದರೆ ಮುಗಿಯಿತು.

ಈಗ ಬೈಕ್ ಗೇಜಿನ ರಬ್ಬರ್ ನಳಿಗೆಯನ್ನು ನೋಡಿ. ಒಂದು ಅಡಿ ಉದ್ದ, ಒಳಗೆ 4 ಮಿ.ಮೀ. ಕೊಳವೆ ಎಂದುಕೊಳ್ಳಿ, ಅದರೊಳಗೇ ಸುಮಾರು 3.8 ಸಿಸಿ ಗಾಳಿ ಹಿಡಿಯುತ್ತದೆ. ಗಾಳಿ ಹಿಂದಕ್ಕೆ ಬಾರದಂತೆ ತಡೆಯುವ ವಾಲ್ವ್ ಗೇಜಿನ ಮುಖದ ಬಳಿ ಇದ್ದರೆ ಈ 3.8 ಸಿಸಿಯೂ ಎಂಜಿನ್ನಿನ ತಲೆಯ ಜಾಗಕ್ಕೇ ಸೇರಿಹೋಗುತ್ತದೆ. 5.3 ಇದ್ದದ್ದು 9.1 ಆಯಿತು. ಪ್ರತಿ ಸಲ ಪಿಸ್ಟನ್ ಮೇಲೆ ಬಂದಾಗ ನಳಿಗೆಯನ್ನೂ ತುಂಬಿಸಬೇಕು, ಕೆಳಗಿಳಿದಾಗ ಆ ಗಾಳಿ ವಾಪಸು ಬಂದುಬಿಡುತ್ತದೆ. ನೂರೈವತ್ತು ಸಿಸಿ ಬೈಕಿಗೆ ಇದರ ಪೆಟ್ಟು ಇಷ್ಟು ದೊಡ್ಡದಲ್ಲ. ನಿಮ್ಮ ಯಂತ್ರಕ್ಕೆ ಅರ್ಧಕ್ಕರ್ಧ.

ಇದಕ್ಕೆ ಇನ್ನೊಂದನ್ನು ಸೇರಿಸಬೇಕು. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪಿಸ್ಟನ್ ಮೇಲೇರಲು ಹೊರಟ ಕೂಡಲೇ ಸಂಪೀಡನ ಶುರುವಾಗುವುದಿಲ್ಲ. ಸೈಲೆನ್ಸರ್ ಕಡೆಯ ಕಿಂಡಿ ಮುಚ್ಚಿದ ಮೇಲಷ್ಟೇ ಗಾಳಿ ಸಿಕ್ಕಿಬೀಳುತ್ತದೆ. ಸ್ಟ್ರೋಕಿನ ಶೇ 60ರಷ್ಟು ಮಾತ್ರ ಕೆಲಸಕ್ಕೆ ಬರುತ್ತದೆ ಎಂದು ಇಟ್ಟುಕೊಂಡು ಕಾಗದದ ಮೇಲೆ ಲೆಕ್ಕ ಹಾಕಿದೆ. ಸರಿಯಾದ ಗೇಜಿನಲ್ಲಿ 130ರ ಆಸುಪಾಸು ತೋರಿಸಬೇಕಾದ ಆರೋಗ್ಯವಂತ ಎಂಜಿನ್, ಈ ನಳಿಗೆಯ ಮೂಲಕ ನೋಡಿದರೆ 70ರ ಸುತ್ತ ತೋರಿಸುತ್ತದೆ. ನೀವು ಕಂಡದ್ದು 65. ಲೆಕ್ಕ ಅಂದಾಜಿನದು, ನಿಮ್ಮ ಯಂತ್ರದ ಕಿಂಡಿಯ ಎತ್ತರ ಬೇರೆ ಇರಬಹುದು. ಆದರೂ ನಾನು ಆ ಸಂಖ್ಯೆಯನ್ನು ನೋಡಿ ಗಾಬರಿಯಾಗುವುದಿಲ್ಲ.

ಹಾಗಾದರೆ ಎಂಥ ಗೇಜ್ ಬೇಕು? ವಾಲ್ವ್ ಪ್ಲಗ್ ರಂಧ್ರಕ್ಕೆ ತಿರುಗಿಸುವ ತುದಿಯಲ್ಲೇ ಇರಬೇಕು. ಅಂಗಡಿಯಲ್ಲಿ ನಳಿಗೆಯ ತುದಿಯನ್ನು ಬೆಳಕಿಗೆ ಹಿಡಿದು ನೋಡಿ: ಬೈಕ್ ಟ್ಯೂಬಿನ ವಾಲ್ವಿನಲ್ಲಿ ಕಾಣುವಂಥ ಸಣ್ಣ ಕಡ್ಡಿ ಒಳಗೆ ಕಂಡರೆ ಸರಿ. ಖಾಲಿ ಕೊಳವೆ ಕಂಡರೆ ಆ ಗೇಜ್ ನಿಮಗಲ್ಲ. ಆ ಕಡ್ಡಿ ಸವೆದರೆ ಟೈರ್ ಅಂಗಡಿಯ ವಾಲ್ವ್ ಕಡ್ಡಿಯನ್ನೇ ಹಾಕುವವರಿದ್ದಾರೆ, ಹಾಗೆ ಮಾಡಬೇಡಿ. ಟೈರಿನದರ ಸ್ಪ್ರಿಂಗ್ ಗಟ್ಟಿ, ಗೇಜಿನದರದ್ದು ಮೆದು. ಗಟ್ಟಿ ಸ್ಪ್ರಿಂಗನ್ನು ತಳ್ಳಲು ಖರ್ಚಾದ ಒತ್ತಡ ಮುಳ್ಳಿಗೆ ತಲುಪುವುದಿಲ್ಲ. ಇನ್ನು ಮರೆಯ (ಥ್ರೆಡ್) ವಿಚಾರ. ನಿಮ್ಮ ಎಂಜಿನ್ನಿನ ಪ್ಲಗ್ ಸಾಮಾನ್ಯವಾಗಿ 14 ಮಿ.ಮೀ. ಮರೆಯದು, ಉದ್ದ ಗಿಡ್ಡ. ಬೈಕಿನ ಉದ್ದ ಅಡಾಪ್ಟರ್ ತಿರುಗಿಸಿದರೆ ಅದು ಒಳಗೆ ಚಾಚಿಕೊಂಡು ಪಿಸ್ಟನ್ನಿಗೆ ಬಡಿಯಬಹುದು. ಪ್ಲಗ್ಗನ್ನೂ ಅಡಾಪ್ಟರನ್ನೂ ಅಕ್ಕಪಕ್ಕ ಇಟ್ಟು ಅಳತೆ ನೋಡದೆ ಹಗ್ಗ ಎಳೆಯಬೇಡಿ. ಕೆಲವು ಸಣ್ಣ ಎಂಜಿನ್‌ಗಳಿಗೆ 10 ಮಿ.ಮೀ. ಪ್ಲಗ್ ಇರುತ್ತದೆ, ಅವಕ್ಕೆ ಬೇರೆ ಅಡಾಪ್ಟರ್.

ಈಗ ಅಳೆಯುವ ಕ್ರಮ. ಮೊದಲು ಪ್ಲಗ್ಗಿನ ಸುತ್ತ ಅಂಟಿಕೊಂಡ ಮಣ್ಣು, ಹುಲ್ಲಿನ ಚೂರನ್ನು ಬ್ರಷ್ಷಿನಿಂದ ಉಜ್ಜಿ ಊದಿಬಿಡಿ. ತೋಟದಲ್ಲಿ ನಿಂತು ಪ್ಲಗ್ ಬಿಚ್ಚಿದವರ ಎಂಜಿನ್ನಿನೊಳಗೆ ಎಷ್ಟು ಮರಳು ಬಿದ್ದಿರುತ್ತದೆ ಎಂಬುದನ್ನು ಪಿಸ್ಟನ್ನಿನ ಮೇಲಿನ ಗೀರುಗಳಲ್ಲಿ ಓದಿದ್ದೇನೆ. ಪ್ಲಗ್ ತೆಗೆದ ಮೇಲೆ ಸ್ವಿಚ್ ಆಫ್ ಮಾಡಿ, ಪ್ಲಗ್ ಕ್ಯಾಪಿಗೆ ಹಳೆಯ ಪ್ಲಗ್ ಸಿಕ್ಕಿಸಿ ಅದರ ಲೋಹದ ಭಾಗ ಎಂಜಿನ್ನಿಗೆ ತಾಗುವಂತೆ ಕಟ್ಟಿ. ತಂತಿ ಗಾಳಿಯಲ್ಲಿ ತೂಗುತ್ತಿದ್ದರೆ ಕಿಡಿ ಕೊಡುವ ಕಾಯಿಲ್ ಸುಟ್ಟುಹೋಗುವ ಅಪಾಯವಿದೆ. ಅಷ್ಟೇ ಅಲ್ಲ, ಗೇಜ್ ಹಾಕುವ ಮೊದಲು ರಂಧ್ರದಿಂದ ಪೆಟ್ರೋಲಿನ ಮಂಜು ಚಿಮ್ಮುತ್ತಿರುತ್ತದೆ, ಪಕ್ಕದಲ್ಲೇ ಕಿಡಿ ಹಾರಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಗೇಜ್ ಇಲ್ಲದೆ ಒಂದೆರಡು ಸಲ ಎಳೆದು ಒಳಗಿನ ಹಸಿ ಪೆಟ್ರೋಲನ್ನು ಹೊರಹಾಕಿ. ನಂತರ ಗೇಜ್ ತಿರುಗಿಸಿ. ಕೈಯ ಬಿಗಿ ಸಾಕು, ಆದರೆ ರಬ್ಬರ್ ವಾಷರ್ ಸರಿಯಾಗಿ ಕೂತಿರಬೇಕು.

ಚೋಕ್ ಪೂರ್ತಿ ತೆರೆದಿರಲಿ, ಎಕ್ಸಲರೇಟರ್ ಪೂರ್ತಿ ಒತ್ತಿರಲಿ. ಹೆಚ್ಚಿನವರು ಬಿಡುವುದು ಇದನ್ನೇ. ಗಂಟಲು ಮುಚ್ಚಿಕೊಂಡು ಉಸಿರೆಳೆ ಎಂದರೆ ಎಂಜಿನ್ ತಾನೇ ಏನು ಮಾಡೀತು? ಕಳೆ ಯಂತ್ರದ ಹಿಡಿಕೆಯಲ್ಲಿ ಕುದುರೆ (ಎಕ್ಸಲರೇಟರಿನ ಟ್ರಿಗರ್) ಎಳೆಯಲು ಒಂದು ಬೆರಳು, ಲಾಕ್ ಒತ್ತಲು ಅಂಗೈ ಬೇಕು. ಒಬ್ಬರೇ ಇದ್ದರೆ ಸೈಕಲ್ ಟ್ಯೂಬಿನ ಪಟ್ಟಿಯಿಂದ ಎರಡನ್ನೂ ಬಿಗಿದು ಕಟ್ಟಿ. ಯಂತ್ರವನ್ನು ನೆಲಕ್ಕೆ ಒತ್ತಿ ಹಿಡಿದು, ಹಗ್ಗವನ್ನು ನಿಜವಾಗಿ ಸ್ಟಾರ್ಟ್ ಮಾಡುವ ರಭಸದಲ್ಲೇ, ಪೂರ್ತಿ ಉದ್ದಕ್ಕೆ ಎಳೆಯಿರಿ. ಆರೇಳು ಸಲ, ಮುಳ್ಳು ಇನ್ನು ಮೇಲೇರುವುದಿಲ್ಲ ಎನ್ನುವವರೆಗೆ.

ಮುಳ್ಳು ಎಲ್ಲಿ ನಿಂತಿತು ಎಂಬುದರಷ್ಟೇ ಅದು ಹೇಗೆ ಏರಿತು ಎಂಬುದೂ ಮುಖ್ಯ. ಒಳ್ಳೆಯ ರಿಂಗ್ (ಗಾಳಿ ಸೋರದಂತೆ ಪಿಸ್ಟನ್ನಿಗೆ ತೊಡಿಸಿದ ಬಳೆ) ಇರುವ ಎಂಜಿನ್ ಮೊದಲ ಎಳೆತಕ್ಕೇ ಅರ್ಧ ದಾರಿ ದಾಟಿರುತ್ತದೆ, ನಾಲ್ಕನೆಯದಕ್ಕೆ ತುದಿ ಮುಟ್ಟುತ್ತದೆ. ರಿಂಗ್ ಸೋರುತ್ತಿದ್ದರೆ ಮುಳ್ಳು ಮುದುಕರು ಮೆಟ್ಟಿಲು ಹತ್ತಿದಂತೆ ಹತ್ತುತ್ತದೆ. ಎಳೆಯುವುದನ್ನು ನಿಲ್ಲಿಸಿದ ಮೇಲೆ ಮುಳ್ಳು ತಾನಾಗಿ ಇಳಿಯುತ್ತಿದ್ದರೆ ಸೋರುತ್ತಿರುವುದು ಎಂಜಿನ್ ಅಲ್ಲ, ಗೇಜ್. ಜೋಡಣೆಗಳಿಗೆ ಸಾಬೂನು ನೀರು ಹಚ್ಚಿ ನೋಡಿ.

ಸಂಖ್ಯೆಗಳ ವಿಚಾರ. ಸರಿಯಾದ ಗೇಜಿನಲ್ಲಿ 120ರಿಂದ 150 ಪಿಎಸ್‌ಐ ಬಂದರೆ ಎಂಜಿನ್ನಿನ ತಲೆಭಾಗ ಗಟ್ಟಿಯಾಗಿದೆ, ತೊಂದರೆಯನ್ನು ಬೇರೆ ಕಡೆ ಹುಡುಕಿ. 100ರ ಆಸುಪಾಸು ಎಂದರೆ ಸವೆತ ಶುರುವಾಗಿದೆ, ಇನ್ನೂ ದುಡಿಯುತ್ತದೆ. 90ಕ್ಕಿಂತ ಕೆಳಗೆ ಬಂದರೆ ಸ್ಟಾರ್ಟ್ ಮಾಡುವುದೇ ಒಂದು ಕೆಲಸವಾಗುತ್ತದೆ. 75ಕ್ಕಿಂತ ಕೆಳಗೆ ಬಿಚ್ಚಿ ನೋಡದೆ ದಾರಿಯಿಲ್ಲ. ಗೇಜಿನಲ್ಲಿ ಕೆ.ಜಿ. ಲೆಕ್ಕವಿದ್ದರೆ ಚದರ ಸೆಂಟಿಮೀಟರಿಗೆ 7 ಕೆ.ಜಿ. ಎಂದರೆ ಸರಿಸುಮಾರು 100 ಪಿಎಸ್‌ಐ. ಯಂತ್ರದ ಜೊತೆ ಬಂದ ಪುಸ್ತಕದಲ್ಲಿ ಬೇರೆ ಅಂಕಿ ಇದ್ದರೆ ಅದೇ ಅಂತಿಮ, ನನ್ನದಲ್ಲ.

ನಮ್ಮ ಕಡೆಯವರು ಗಮನಿಸಬೇಕಾದ ಇನ್ನೊಂದು ಸಂಗತಿ ಊರಿನ ಎತ್ತರ. ಗೇಜ್ ತೋರಿಸುವುದು ಹೊರಗಿನ ಗಾಳಿಯನ್ನು ಎಂಜಿನ್ ಎಷ್ಟು ಪಟ್ಟು ಹಿಂಡಿತು ಎಂಬುದನ್ನು. ಹೊರಗಿನ ಗಾಳಿಯೇ ತೆಳುವಾದರೆ ಸಂಖ್ಯೆಯೂ ತಗ್ಗುತ್ತದೆ. ಮಂಗಳೂರಿನಲ್ಲಿ 130 ತೋರಿಸಿದ ಯಂತ್ರವನ್ನು ಹಾಗೆಯೇ ಜೀಪಿಗೆ ಹಾಕಿಕೊಂಡು ಮಡಿಕೇರಿಗೆ ಹೋದರೆ, ಸಾವಿರದ ನೂರು ಮೀಟರಿಗೂ ಎತ್ತರದ ಆ ಊರಿನಲ್ಲಿ ಅದು 115ರ ಆಚೀಚೆ ತೋರಿಸುತ್ತದೆ. ಎಂಜಿನ್ನಿಗೆ ಏನೂ ಆಗಿಲ್ಲ. ಸಾಗರ ಅಷ್ಟು ಎತ್ತರವಲ್ಲ, ಆರುನೂರು ಮೀಟರಿನ ಆಸುಪಾಸು. ನಿಮಗೆ ಶೇ 7ರಷ್ಟು ರಿಯಾಯಿತಿ. ಕೊಡಗಿನ, ಚಿಕ್ಕಮಗಳೂರಿನ ಕಾಫಿ ತೋಟದವರು ಕರಾವಳಿಯ ನೆಂಟರ ಯಂತ್ರದೊಂದಿಗೆ ತಮ್ಮದನ್ನು ಹೋಲಿಸಿ ನಿದ್ದೆಗೆಡುವುದು ಬೇಡ.

ಹೆಬ್ಬೆರಳಿನ ಪರೀಕ್ಷೆಯ ಬಗ್ಗೆ ಒಂದು ಮಾತು. ಯೆಜ್ಡಿ, ಆರ್‌ಎಕ್ಸ್ 100 ಕಾಲದಲ್ಲಿ ಕೆಲಸ ಕಲಿತ ಮೆಕ್ಯಾನಿಕ್‌ಗಳ ಕೈ, ಕಿವಿ ಎರಡರ ಮೇಲೂ ನನಗೆ ಗೌರವವಿದೆ. ಅವರಲ್ಲೊಬ್ಬರ ಹತ್ತಿರವೇ ನಾನೂ ಕಲಿತದ್ದು. ಆದರೆ 50 ಪಿಎಸ್‌ಐಗೇ ಹೆಬ್ಬೆರಳು ರಂಧ್ರದಿಂದ ಜಾರುತ್ತದೆ. ದಮ್ಮು ಪೂರ್ತಿ ಸತ್ತಿದೆಯೇ ಎಂಬುದನ್ನು ಬೆರಳು ಹೇಳೀತು. 85ಕ್ಕೂ 120ಕ್ಕೂ ಇರುವ ವ್ಯತ್ಯಾಸವನ್ನು ಹೇಳಲಾರದು, ಮತ್ತು ನಿಮಗೆ ಬೇಕಾಗಿರುವುದು ಆ ವ್ಯತ್ಯಾಸವೇ. ಗೇಜ್ ಇಲ್ಲದಿದ್ದರೆ ಬೆರಳಿಗಿಂತ ಹಗ್ಗದ ಪರೀಕ್ಷೆ ವಾಸಿ. ಪ್ಲಗ್ ಹಾಕಿಯೇ ಇಟ್ಟು, ಸ್ವಿಚ್ ಆಫ್ ಮಾಡಿ, ಹಗ್ಗದ ಹಿಡಿ ಹಿಡಿದು ಯಂತ್ರದ ಎಂಜಿನ್ ಭಾಗವನ್ನು ನಿಧಾನ ಮೇಲೆತ್ತಿ. ಒಳ್ಳೆಯ ಎಂಜಿನ್ ಹಗ್ಗಕ್ಕೆ ಜೋತುಬಿದ್ದು, ತಡೆತಡೆದು, ಒಂದೊಂದು ಸುತ್ತಿಗೂ ಗಕ್ಕೆಂದು ನಿಂತು ಇಳಿಯುತ್ತದೆ. ಬಾವಿಗೆ ಕೊಡ ಬಿಟ್ಟಂತೆ ಸರ್ರನೆ ಇಳಿದರೆ ಸಂಶಯಪಡಿ. ಸುಲಭವಾಗಿ ಸ್ಟಾರ್ಟ್ ಆಗಲೆಂದು ಹಗ್ಗಕ್ಕೆ ಸ್ಪ್ರಿಂಗ್ ಕೊಟ್ಟಿರುವ ಯಂತ್ರಗಳಲ್ಲಿ ಈ ಪರೀಕ್ಷೆ ನಡೆಯುವುದಿಲ್ಲ.

ಇನ್ನು ಎಣ್ಣೆ ಹಾಕಿ ಅಳೆಯುವ ವಿಧಾನ. ಕಾರಿನವರು ಪ್ಲಗ್ ರಂಧ್ರಕ್ಕೆ ಒಂದು ಚಮಚ ಎಣ್ಣೆ ಸುರಿದು ಮತ್ತೊಮ್ಮೆ ಅಳೆಯುತ್ತಾರೆ. ಸಂಖ್ಯೆ ಏರಿದರೆ ರಿಂಗ್ ಸವೆದಿದೆ ಎಂದು ಅರ್ಥ. ಅದನ್ನೇ ಇಲ್ಲಿ ಮಾಡುವವರನ್ನು ನೋಡಿದ್ದೇನೆ. ಮೇಲೆ ಹೇಳಿದ 5.3 ಸಿಸಿಯನ್ನು ನೆನಪಿಸಿಕೊಳ್ಳಿ. ಅದರೊಳಗೆ 5 ಮಿ.ಲೀ. ಎಣ್ಣೆ ಹಾಕಿದರೆ ಗಾಳಿಗೆ ಜಾಗವೆಲ್ಲಿ? ಎಣ್ಣೆ ಹಿಂಡಿದರೆ ಕುಗ್ಗುವ ವಸ್ತುವಲ್ಲ. ಜೋರಾಗಿ ಎಳೆದರೆ ಕನೆಕ್ಟಿಂಗ್ ರಾಡ್ ಬಾಗಬಹುದು, ಹಗ್ಗ ಕಿತ್ತು ಬರಬಹುದು. ಬಾಗದಿದ್ದರೂ ಜಾಗ ಕಿರಿದಾದ್ದರಿಂದಲೇ ಮುಳ್ಳು ಏರುತ್ತದೆ, ರಿಂಗ್ ಹೇಗೇ ಇರಲಿ. ಹಾಕಲೇಬೇಕೆಂದರೆ ಸಿರಿಂಜಿನಿಂದ ಅರ್ಧ ಮಿ.ಲೀ., ಅಂದರೆ ಹತ್ತೋ ಹನ್ನೆರಡೋ ಹನಿ, ಬಿಟ್ಟು ಯಂತ್ರವನ್ನು ಆಚೀಚೆ ವಾಲಿಸಿ, ಗೇಜ್ ಇಲ್ಲದೆ ಒಮ್ಮೆ ನಿಧಾನ ಎಳೆದು, ಆಮೇಲೆ ಅಳೆಯಿರಿ. ಟೂ ಸ್ಟ್ರೋಕ್ ಎಂಜಿನ್ನಿನ ಗೋಡೆಗೆ ಹೇಗೂ ಎಣ್ಣೆ ಹಚ್ಚಿಯೇ ಇರುತ್ತದೆ, ಹಾಗಾಗಿ ಈ ಪರೀಕ್ಷೆ ಹೇಳುವುದು ಕಡಿಮೆ. ನಾನು ಇದರ ಬದಲು ಸೈಲೆನ್ಸರ್ ಬಿಚ್ಚುತ್ತೇನೆ.

ಹೌದು, ಸೈಲೆನ್ಸರ್. ಎರಡೋ ಮೂರೋ ಬೋಲ್ಟ್, ಐದು ನಿಮಿಷದ ಕೆಲಸ. ಟೂ ಸ್ಟ್ರೋಕ್ ಎಂಜಿನ್ನಿನ ದೊಡ್ಡ ಉಪಕಾರವೆಂದರೆ ತಲೆ ಬಿಚ್ಚದೆಯೇ ಅದರ ಹೊಟ್ಟೆಯನ್ನು ನೋಡಬಹುದು. ಕಿಂಡಿಗೆ ಟಾರ್ಚ್ ಹಿಡಿದು ಹಗ್ಗವನ್ನು ನಿಧಾನ ಎಳೆಯುತ್ತ ಹೋಗಿ. ಪಿಸ್ಟನ್ನಿನ ಪಕ್ಕೆ, ರಿಂಗ್ ಎಲ್ಲ ಒಂದೊಂದಾಗಿ ಎದುರು ಬರುತ್ತವೆ. ಪಿಸ್ಟನ್ ಬೂದುಬಣ್ಣದಲ್ಲಿ ಮಟ್ಟಸವಾಗಿ, ಯಂತ್ರದಲ್ಲಿ ಕಡೆದ ಸಣ್ಣ ಅಡ್ಡಗೆರೆಗಳೊಂದಿಗೆ ಕಂಡರೆ ಚಿಂತೆಯಿಲ್ಲ. ಮೇಲಿನಿಂದ ಕೆಳಗೆ ಉದ್ದುದ್ದ ಗೀರುಗಳಿದ್ದು, ಉಗುರಿಗೆ ತಾಗುವಂತಿದ್ದರೆ ಪಿಸ್ಟನ್ ಉಜ್ಜಿಕೊಂಡಿದೆ. ಗೀರು ಸೈಲೆನ್ಸರ್ ಕಡೆಯಲ್ಲಿ ಮಾತ್ರ ಇದ್ದರೆ ಎಣ್ಣೆ ಸಾಲದೆಯೋ, ಗಾಳಿ ಹೆಚ್ಚಾಗಿಯೋ ಸುಟ್ಟದ್ದು. ಕಾರ್ಬ್ಯುರೇಟರ್ ಕಡೆಯ ಪಕ್ಕೆ ಮಂಕಾಗಿ ಸವೆದಿದ್ದರೆ ದೂಳು ಒಳಗೆ ಹೋಗಿದೆ, ಫಿಲ್ಟರ್ ನೋಡಿ. ಅದನ್ನು ಕಾಣಲು ಕಾರ್ಬ್ಯುರೇಟರನ್ನೂ ತೆಗೆಯಬೇಕು. ರಿಂಗ್ ಕಿಂಡಿಯ ಎದುರು ಬಂದಾಗ ಬೆಂಕಿಕಡ್ಡಿಯಿಂದ ಮೆಲ್ಲನೆ ಒತ್ತಿ. ಸ್ಪ್ರಿಂಗಿನಂತೆ ಒಳಗೆ ಹೋಗಿ ಹೊರಗೆ ಬರಬೇಕು. ಅಲುಗದಿದ್ದರೆ ಮಸಿ ತುಂಬಿ ಪಿಸ್ಟನ್ನಿನ ಗಾಡಿಯಲ್ಲೇ (ರಿಂಗ್ ಕೂರುವ ಸೀಳು) ಕಚ್ಚಿಕೊಂಡಿದೆ. ಅಂಥದ್ದಕ್ಕೆ ಹೊಸ ಬ್ಲಾಕ್ ಬೇಡ, ಬಿಚ್ಚಿ ಮಸಿ ತೆಗೆದು ಹೊಸ ರಿಂಗ್ ಹಾಕಿದರೆ ಸಾಕು. ಕಬ್ಬಿಣದ ಕಡ್ಡಿ, ಸ್ಕ್ರೂಡ್ರೈವರ್ ಒಳಗೆ ತೂರಿಸಬೇಡಿ.

ಒಮ್ಮೆ ನನ್ನಲ್ಲಿಗೆ ಬಂದ ಒಂದು ಯಂತ್ರಕ್ಕೆ ಎರಡು ವರ್ಷದಲ್ಲಿ ಎರಡು ಬ್ಲಾಕ್-ಪಿಸ್ಟನ್ ಬಿದ್ದಿತ್ತು, ಮೂರನೆಯದಕ್ಕೆ ಸಿದ್ಧತೆ ನಡೆದಿತ್ತು. ಗೇಜ್ ಪ್ರತಿ ಸಲವೂ ನಿಜವನ್ನೇ ಹೇಳಿತ್ತು: ಕಂಪ್ರೆಷನ್ ಇಲ್ಲ. ಯಾಕೆ ಇಲ್ಲ ಎಂದು ಯಾರೂ ಕೇಳಿರಲಿಲ್ಲ. ಮ್ಯಾಗ್ನೆಟ್ ಕಡೆಯ ಆಯಿಲ್ ಸೀಲ್ ಒಣಗಿ ಸೀಳಿತ್ತು. ಅಲ್ಲಿಂದ ಬರೀ ಗಾಳಿ ಎಳೆದುಕೊಳ್ಳುತ್ತ, ಪೆಟ್ರೋಲೂ ಎಣ್ಣೆಯೂ ಸಾಲದೆ, ಹೊಸ ಪಿಸ್ಟನ್‌ಗಳನ್ನು ಎಂಜಿನ್ ಒಂದೊಂದಾಗಿ ಸುಡುತ್ತಿತ್ತು.

ಇದನ್ನು ಕಂಪ್ರೆಷನ್ ಗೇಜ್ ಎಂದಿಗೂ ತೋರಿಸುವುದಿಲ್ಲ. ಟೂ ಸ್ಟ್ರೋಕ್ ಎಂಜಿನ್ನಿಗೆ ಎರಡು ಕೋಣೆಗಳು: ಪಿಸ್ಟನ್ನಿನ ಮೇಲೊಂದು, ಕೆಳಗೆ ಕ್ರ್ಯಾಂಕ್ ಇರುವಲ್ಲಿ ಇನ್ನೊಂದು. ಪೆಟ್ರೋಲ್ ಮೊದಲು ಬರುವುದು ಕೆಳಗಿನ ಕೋಣೆಗೆ. ಅಲ್ಲಿ ಸ್ವಲ್ಪ ಹಿಂಡಿಸಿಕೊಂಡು ಮೇಲೆ ನುಗ್ಗುತ್ತದೆ. ಗೇಜ್ ಅಳೆಯುವುದು ಮೇಲಿನದನ್ನಷ್ಟೇ. ಕೆಳಗಿನದಕ್ಕೆ ಬೇರೆ ಪರೀಕ್ಷೆ ಇದೆ, ಅದಕ್ಕೆ ಬೇಕಾದ ಉಪಕರಣ ಬಹಳಷ್ಟು ಮನೆಗಳ ಕಪಾಟಿನಲ್ಲಿ ಇರುತ್ತದೆ: ಬಿಪಿ ನೋಡುವ, ಮುಳ್ಳಿನ ಗಡಿಯಾರವಿರುವ ಕೈಪಂಪು. ಸೈಲೆನ್ಸರ್ ಬಿಚ್ಚಿ ಅದರ ಕಿಂಡಿಗೆ ಟ್ಯೂಬಿನ ರಬ್ಬರ್ ಇಟ್ಟು ಮೇಲೆ ತಗಡು ಬಿಗಿಯಿರಿ. ಕಾರ್ಬ್ಯುರೇಟರ್ ಬಿಚ್ಚಿ ಅಲ್ಲೂ ಹಾಗೆಯೇ ಮಾಡಿ, ಆದರೆ ಆ ತಗಡಿಗೆ ಒಂದು ಸಣ್ಣ ನಳಿಗೆ ಕೂರಿಸಿ ಬಿಪಿ ಪಂಪಿಗೆ ಜೋಡಿಸಿ. ಪ್ಲಗ್ ಹಾಕಿ ಬಿಗಿಯಿರಿ. ಈಗ ಮುಳ್ಳು 250 ಬರುವವರೆಗೆ ಮೆಲ್ಲನೆ ಒತ್ತಿ. ಪಾದರಸದ 250 ಮಿ.ಮೀ. ಎಂದರೆ 5 ಪಿಎಸ್‌ಐಗಿಂತ ಸ್ವಲ್ಪ ಕಡಿಮೆ. ಕಂಪನಿಯ ವರ್ಕ್‌ಶಾಪುಗಳಲ್ಲಿ 7ರವರೆಗೆ ಒತ್ತುತ್ತಾರೆ, ನಮಗೆ ಇಷ್ಟು ಸಾಕು. ಅರ್ಧ ನಿಮಿಷ ಮುಳ್ಳು ಕದಲಬಾರದು. ಇಳಿದರೆ ಸಾಬೂನು ನೀರಿನ ಬ್ರಷ್ ಹಿಡಿದು ಹೊರಡಿ: ಎರಡೂ ಕಡೆಯ ಆಯಿಲ್ ಸೀಲ್, ಬ್ಲಾಕಿನ ಬುಡದ ಪ್ಯಾಕಿಂಗ್, ಕಾರ್ಬ್ಯುರೇಟರ್ ಕೂರುವ ಪ್ಲಾಸ್ಟಿಕ್ ತುಂಡು, ಕ್ರ್ಯಾಂಕ್ ಕೇಸಿನ ನಡುವಿನ ಸೇರುವೆ. ಗುಳ್ಳೆ ಎದ್ದಲ್ಲಿ ಕಳ್ಳ. ಕೆಲವು ಸೀಲುಗಳು ಒಳಗಿನಿಂದ ಒತ್ತಿದಾಗ ತಡೆದುಕೊಂಡು, ಹೊರಗಿನಿಂದ ಎಳೆದಾಗ ಮಾತ್ರ ಸೋರುತ್ತವೆ. ಅದಕ್ಕೆ ನಿರ್ವಾತ ಪಂಪು ಬೇಕು, ಬಿಪಿ ಪಂಪಿಗೆ ಆ ಶಕ್ತಿಯಿಲ್ಲ. ಎಕ್ಸಲರೇಟರ್ ಬಿಟ್ಟರೂ ಎಂಜಿನ್ನಿನ ಕೂಗು ಇಳಿಯದೆ ಅಲ್ಲೇ ನಿಲ್ಲುವುದು, ಯಂತ್ರವನ್ನು ಓರೆ ಮಾಡಿದಾಗ ಸದ್ದು ಬದಲಾಗುವುದು, ಇವು ಕೆಳಕೋಣೆ ಸೋರುತ್ತಿರುವುದರ ಲಕ್ಷಣ. ನಿಮ್ಮ ಯಂತ್ರದಲ್ಲಿ ಹೀಗಿದೆ ಎಂದು ನೀವು ಬರೆದಿಲ್ಲ.

ಈಗ ನಿಮ್ಮ ಯಂತ್ರದ ಕಾಯಿಲೆಗೆ ಬರೋಣ. ತಣ್ಣಗಿದ್ದಾಗ ಸ್ಟಾರ್ಟ್ ಆಗುತ್ತದೆ, ಬಿಸಿಯಾದಾಗ ಆಗುವುದಿಲ್ಲ, ಅರ್ಧ ಗಂಟೆಗೆ ಸರಿಯಾಗುತ್ತದೆ. ಇಲ್ಲಿ ನಿಮ್ಮ ಮೆಕ್ಯಾನಿಕ್ಕಿನ ಪರವಾಗಿಯೂ ಒಂದು ಮಾತು ಹೇಳಬೇಕು. 'ಹುಲ್ಲು ಚೆನ್ನಾಗಿ ಕತ್ತರಿಸುತ್ತದೆ, ಆದ್ದರಿಂದ ಕಂಪ್ರೆಷನ್ ಸರಿಯಿದೆ' ಎಂಬ ವಾದ ನಿಲ್ಲುವುದಿಲ್ಲ. ಓಡುವಾಗ ಎಂಜಿನ್ ನಿಮಿಷಕ್ಕೆ ಏಳೆಂಟು ಸಾವಿರ ಸುತ್ತು ಸುತ್ತುತ್ತದೆ, ಗಾಳಿಗೆ ಸೋರಲು ಪುರುಸೊತ್ತಿಲ್ಲ. ಹಗ್ಗ ಎಳೆಯುವಾಗ ಆ ವೇಗ ಇರುವುದಿಲ್ಲ. ಸವೆದ ರಿಂಗಿನ ಸಂದಿಯಲ್ಲಿ ಗಾಳಿ ಆರಾಮವಾಗಿ ಇಳಿದುಹೋಗುತ್ತದೆ. ಬಿಸಿಯಾದಾಗ ಎಣ್ಣೆಯೂ ನೀರಾಗಿ ಸಂದಿ ಮುಚ್ಚುವುದನ್ನು ಬಿಡುತ್ತದೆ. ತಣ್ಣಗೆ 105 ಇದ್ದದ್ದು ಬಿಸಿಯಲ್ಲಿ 80ಕ್ಕೆ ಇಳಿದರೆ ನೀವು ಹೇಳಿದಂತೆಯೇ ಆಗುತ್ತದೆ. ಅಂದರೆ ಅವರ ಅನುಮಾನ ತಪ್ಪಲ್ಲ, ಆದರೆ ಆರೋಪಿಗಳು ಇನ್ನೂ ಇಬ್ಬರಿದ್ದಾರೆ.

ಒಬ್ಬ, ಕಾಯಿಲ್. ಒಳಗಿನ ತಂತಿ ಬಿಸಿಗೆ ಬಿರಿದು ಕಿಡಿ ನಿಲ್ಲಿಸುವುದು, ಆರಿದ ಮೇಲೆ ಮತ್ತೆ ಕೂಡಿಕೊಳ್ಳುವುದು ಹಳೆಯ ರೋಗ. ಇನ್ನೊಬ್ಬ, ಪೆಟ್ರೋಲೇ. ಎಂಜಿನ್ ಓಡುತ್ತಿರುವಾಗ ಫ್ಯಾನಿನ ಗಾಳಿ ಇರುತ್ತದೆ; ನಿಲ್ಲಿಸಿದ ಕೂಡಲೇ ಗಾಳಿ ನಿಂತು, ಬ್ಲಾಕಿನ ಕಾವೆಲ್ಲ ಕಾರ್ಬ್ಯುರೇಟರಿಗೆ ಹಬ್ಬಿ, ಒಳಗಿನ ಪೆಟ್ರೋಲ್ ಆವಿಯಾಗುತ್ತದೆ. ನೀವು ನೆರಳಿನಲ್ಲಿ ಕೂತು ಪೆಟ್ರೋಲ್ ತುಂಬಿಸಿ, ಎಲೆಯಡಿಕೆ ಹಾಕಿಕೊಂಡು ಏಳುವ ಹತ್ತು ನಿಮಿಷವೇ ಇದಕ್ಕೆ ಪ್ರಶಸ್ತ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕ ಶೇ 20 ಎಥೆನಾಲ್ ಬೆರೆತ ಪೆಟ್ರೋಲ್ ಈಗ ಊರೂರಿನ ಬಂಕಿಗೂ ಬಂದಿದೆ. ಎಥೆನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಕ್ಯಾನಿನಲ್ಲಿ ಒಂದೆರಡು ತಿಂಗಳು ಉಳಿದ ಪೆಟ್ರೋಲಿನ ತಳದಲ್ಲಿ ನೀರು ಬೇರೆಯಾಗಿ ನಿಂತದ್ದನ್ನು ಗಾಜಿನ ಬಾಟಲಿಗೆ ಸುರಿದರೆ ಕಣ್ಣಾರೆ ಕಾಣಬಹುದು. ಕಾರ್ಬ್ಯುರೇಟರಿನ ಡಯಾಫ್ರಾಮ್ (ಒಳಗಿನ ತೆಳು ಪೊರೆ) ಗಡುಸಾಗಲು ಇಂಥ ಹಳಸಿದ ಪೆಟ್ರೋಲೂ ಒಂದು ಕಾರಣ.

ಮೂವರಲ್ಲಿ ಯಾರೆಂದು ತಿಳಿಯಲು ಕಾಯಿಲೆ ಬಂದ ಗಳಿಗೆಯಲ್ಲೇ ನಾಡಿ ಹಿಡಿಯಬೇಕು. ಗೇಜ್, ಪ್ಲಗ್ ಸ್ಪ್ಯಾನರ್, ಹೊಸ ಪ್ಲಗ್ ಒಂದು, ಇವನ್ನು ಚೀಲದಲ್ಲಿ ಹಾಕಿಕೊಂಡೇ ತೋಟಕ್ಕೆ ಹೋಗಿ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲೇ ತಣ್ಣಗೆ ಒಮ್ಮೆ ಅಳೆದು ಬರೆದುಕೊಳ್ಳಿ. ಒಂದು ಟ್ಯಾಂಕ್ ಕೆಲಸ ಮಾಡಿ, ತುಂಬಿಸಿ, ಎಳೆದು, ಸ್ಟಾರ್ಟ್ ಆಗದ ಕೂಡಲೇ ಪ್ಲಗ್ ಬಿಚ್ಚಿ. ಕೈಗೆ ದಪ್ಪ ಬಟ್ಟೆ ಇರಲಿ. ಮೊದಲು ಪ್ಲಗ್ ಒದ್ದೆಯೋ ಒಣಗಿದೆಯೋ ನೋಡಿ. ಬಳಿಕ ಗೇಜ್ ಹಾಕಿ ಅಳೆಯಿರಿ. ಕೊನೆಯಲ್ಲಿ, ರಂಧ್ರದ ಬಾಯಿಗೆ ಬಟ್ಟೆ ತುರುಕಿ, ಹೊಸ ಪ್ಲಗ್ಗನ್ನು ರಂಧ್ರದಿಂದ ದೂರದಲ್ಲಿ ಲೋಹಕ್ಕೆ ತಾಗಿಸಿ ಹಿಡಿದು, ಸ್ವಿಚ್ ಆನ್ ಮಾಡಿ ಎಳೆದು ಕಿಡಿ ನೋಡಿ. ಕಿಡಿ ಇಲ್ಲದಿದ್ದರೆ ಕಾಯಿಲ್. ಕಿಡಿ ಇದ್ದು ಪ್ಲಗ್ ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ, ಆವಿಯ ಕಾಟ ಅಥವಾ ಕಾರ್ಬ್ಯುರೇಟರ್. ಕಿಡಿಯೂ ಇದ್ದು, ಪ್ಲಗ್ಗೂ ಹದವಾಗಿ ತೇವವಾಗಿದ್ದು, ಗೇಜ್ ಬೆಳಗಿನದಕ್ಕಿಂತ ತೀರ ಕೆಳಗಿದ್ದರೆ ಆಗ ನಿಮ್ಮ ಮೆಕ್ಯಾನಿಕ್ಕಿಗೆ ನನ್ನ ನಮಸ್ಕಾರ ತಿಳಿಸಿ. ಪ್ಲಗ್ ಪೆಟ್ರೋಲಿನಲ್ಲಿ ತೊಟ್ಟಿಕ್ಕುತ್ತಿದ್ದರೆ ಬಿಸಿ ಯಂತ್ರಕ್ಕೆ ಚೋಕ್ ಹಾಕಿ ಎಳೆದಿದ್ದೀರಿ; ಚೋಕ್ ತೆಗೆದು, ಎಕ್ಸಲರೇಟರ್ ಪೂರ್ತಿ ಒತ್ತಿ ಎಂಟು ಹತ್ತು ಸಲ ಎಳೆದರೆ ಹೊತ್ತಿಕೊಳ್ಳಬೇಕು. ಪೆಟ್ರೋಲಿನಲ್ಲಿ ತೊಯ್ದ ಎಂಜಿನ್ನಿನಲ್ಲಿ ಅಳೆದ ಕಂಪ್ರೆಷನ್ನಿಗೆ ಬೆಲೆಯಿಲ್ಲ: ಪೆಟ್ರೋಲ್ ಗೋಡೆಯ ಎಣ್ಣೆ ತೊಳೆದಿದ್ದರೆ ಕಡಿಮೆ ತೋರಿಸುತ್ತದೆ, ತಲೆಯ ಜಾಗದಲ್ಲಿ ನಿಂತಿದ್ದರೆ ಹೆಚ್ಚು ತೋರಿಸುತ್ತದೆ.

ಒಂದು ವೇಳೆ ಬಿಚ್ಚಲೇಬೇಕಾಗಿ ಬಂದರೆ: ಯೆಜ್ಡಿಗೆ ಮಾಡುತ್ತಿದ್ದಂತೆ ಬೋರ್ ಮಾಡಿಸಿ ದೊಡ್ಡ ಪಿಸ್ಟನ್ ಹಾಕುವ ದಾರಿ ಇಲ್ಲಿ ಸಾಮಾನ್ಯವಾಗಿ ಇಲ್ಲ. ಈ ಸಣ್ಣ ಬ್ಲಾಕುಗಳು ಅಲ್ಯುಮಿನಿಯಮ್‌ನವು, ಒಳಗೋಡೆಗೆ ತೆಳುವಾದ ಗಟ್ಟಿ ಲೇಪ ಮಾತ್ರ. ಕೊರೆದರೆ ಲೇಪವೇ ಹೋಗುತ್ತದೆ. ಗೋಡೆ ಕನ್ನಡಿಯಂತಿದ್ದರೆ ಬರೀ ರಿಂಗ್ ಸಾಕು. ಹಳೆಯ ರಿಂಗನ್ನು ಬ್ಲಾಕಿನೊಳಗೆ ನೇರವಾಗಿ ಕೂರಿಸಿ ಬಾಯಿಯ ಸಂದಿಗೆ ಫೀಲರ್ ಗೇಜ್ ಹಾಕಿ, 0.6 ಮಿ.ಮೀ. ಪಟ್ಟಿ ಸಲೀಸಾಗಿ ನುಗ್ಗಿದರೆ ಅದರ ಆಯುಷ್ಯ ಮುಗಿದಿದೆ. ಹೊಸದನ್ನು ಹಾಕುವಾಗ ರಿಂಗಿನ ಬಾಯಿ ಗಾಡಿಯಲ್ಲಿರುವ ಪಿನ್ನಿಗೇ ಹೊಂದಬೇಕು, ಪಿಸ್ಟನ್ನಿನ ಮೇಲಿನ ಬಾಣ ಸೈಲೆನ್ಸರ್ ಕಡೆಗಿರಬೇಕು. ಹಾಕಿದ ದಿನವೇ ಅಳೆದು 95 ಬಂತೆಂದು ಕೊರಗಬೇಡಿ. ಎರಡು ಮೂರು ಟ್ಯಾಂಕ್ ಓಡಿ ರಿಂಗ್ ಹಾಸಿಕೊಂಡ ಮೇಲೆ ಮತ್ತೆ ಅಳೆಯಿರಿ, ಏರಿರುತ್ತದೆ. ಎಣ್ಣೆಯ ಪ್ರಮಾಣ ಪುಸ್ತಕದಲ್ಲಿದ್ದಂತೆ: 25:1 ಎಂದಿದ್ದರೆ ಲೀಟರಿಗೆ 40 ಮಿ.ಲೀ., 50:1 ಎಂದಿದ್ದರೆ 20. 'ಕೈ ಲೆಕ್ಕ'ದಲ್ಲಿ ಸುರಿಯುವುದನ್ನು ಕೆಲಸದವರಿಗೂ ಬಿಡಿಸಿ, ಹಳೆಯ ಕೆಮ್ಮಿನ ಔಷಧಿಯ ಅಳತೆ ಮುಚ್ಚಳವೊಂದನ್ನು ಕ್ಯಾನಿಗೆ ಕಟ್ಟಿಬಿಡಿ.

ನಿಮ್ಮ ಕೊನೆಯ ಪ್ರಶ್ನೆ, ಗೇಜ್ ಕೊಳ್ಳಬೇಕೇ ಎಂದು. ಒಂದೇ ಯಂತ್ರಕ್ಕಾಗಿ ಬೇಡ. ನಾಲ್ಕು ಮನೆಯವರು ಸೇರಿ ಒಂದು ಕೊಂಡರೆ ಒಳ್ಳೆಯದು, ಮರ ಕೊಯ್ಯುವ ಯಂತ್ರಕ್ಕೂ ಟೂ ಸ್ಟ್ರೋಕ್ ಸ್ಪ್ರೇಯರಿಗೂ ಅದೇ ಆಗುತ್ತದೆ. ಮರ ಕೊಯ್ಯುವ ಯಂತ್ರದ ತಲೆಯ ಮೇಲೆ ಒತ್ತುವ ಗುಂಡಿ ಇದ್ದರೆ ಅಳೆಯುವಾಗ ಅದನ್ನು ಒತ್ತಬೇಡಿ, ಅದು ದಮ್ಮು ಬಿಡಲೆಂದೇ ಇರುವುದು. ನಾಲ್ಕರಲ್ಲಿ ಯಾರದಾದರೂ ಫೋರ್ ಸ್ಟ್ರೋಕ್ ಆಗಿದ್ದರೆ ಅದನ್ನು ಈ ಲೆಕ್ಕಕ್ಕೆ ತರಬೇಡಿ. ಹಗ್ಗ ಹಗುರಾಗಲೆಂದು ಅಂಥ ಹಲವು ಎಂಜಿನ್‌ಗಳಲ್ಲಿ ವಾಲ್ವನ್ನು ಎಳೆಯುವಾಗ ಸ್ವಲ್ಪ ತೆರೆದೇ ಇಡುವ ಏರ್ಪಾಡಿರುತ್ತದೆ, ಗೇಜ್ ಅಲ್ಲಿ ದಾರಿ ತಪ್ಪಿಸುತ್ತದೆ. ಗೇಜ್ ತಂದ ದಿನ ನಿಮ್ಮ ಯಂತ್ರಕ್ಕೆ ಹಾಕುವ ಮೊದಲು, ಕೇರಿಯಲ್ಲಿ ಒಂದೇ ಎಳೆತಕ್ಕೆ ಸ್ಟಾರ್ಟ್ ಆಗುವ ಇಂಥದೇ 43 ಸಿಸಿ ಯಂತ್ರ ಯಾರಲ್ಲಿದೆಯೋ ಅವರಲ್ಲಿಗೆ ಹೋಗಿ ಅದಕ್ಕೆ ಹಾಕಿ ನೋಡಿ. ಅಲ್ಲಿ ಬಂದ ಸಂಖ್ಯೆಯನ್ನು ಗೇಜಿನ ಬೆನ್ನಿಗೆ ಪೇಂಟಿನಲ್ಲಿ ಬರೆದಿಟ್ಟುಕೊಳ್ಳಿ.